ಬಾಯಿ ಗಾಜಿನ ಕಡೆಗೆ

೧೨ ಅಕ್ಟೋಬರ್ ೧೯೮೬

ಲೊರೇನ್ ಅಕ್ಕನಿಗೆ,

ಪೆರೋಲ್ ಮಂಡಳಿಯವರು ತಾರೀಖು ಕೊಟ್ಟಿದ್ದಾರೆ: ಬರುವ ಜೂನ್ ಒಂಬತ್ತು. ಅಲ್ಲಿಯವರೆಗೆ ನಾನು ಯಾರ ಮೂಗಿಗೂ ಗುದ್ದದೆ, ಅಡುಗೆಮನೆಯಿಂದ ಸಕ್ಕರೆ ಕದಿಯದೆ ಇದ್ದರೆ ಸಾಕಂತೆ. ಇರುತ್ತೇನೆ.

ಮೂರು ವರ್ಷದಲ್ಲಿ ನೀನು ಬರೆದದ್ದು ಎರಡು ಕಾಗದ. ಒಂದು ಅಪ್ಪ ತೀರಿಕೊಂಡಾಗ. ಇನ್ನೊಂದು, ಗ್ಯಾರೇಜನ್ನು ಅಪ್ಪ ನಮ್ಮಿಬ್ಬರ ಹೆಸರಿಗೂ ಸಮವಾಗಿ ಬರೆದಿಟ್ಟಿದ್ದಾರೆ ಎಂದು ತಿಳಿದಾಗ. ನೋಡಲು ಒಮ್ಮೆಯೂ ಬರಲಿಲ್ಲ. ದೂರುತ್ತಿಲ್ಲ. ಷೆರಿಫ್‌ಗೆ ಫೋನ್ ಮಾಡಿ ತಮ್ಮನನ್ನು ಹಿಡಿದುಕೊಟ್ಟ ಕೈಯಲ್ಲೇ ಇಲ್ಲಿನ ಭೇಟಿ ಕಿಟಕಿಯ ಫೋನನ್ನೂ ಹಿಡಿಯುವುದು ನಿನಗೆ ಕಷ್ಟವಾಗಿರಬಹುದು.

ನನಗೆ ಬೇಕಾದದ್ದು ಒಂದೇ. ಗ್ಯಾರೇಜಿನ ಹಿಂದೆ ಟಾರ್ಪಾಲಿನ ಕೆಳಗೆ ನನ್ನ ಷೆವೆಲ್ ಕಾರು ನಿಂತಿದೆಯಲ್ಲ, ಅದರ ಬಾನೆಟ್ಟಿಗೆ ಒಂದು ಸ್ಕೂಪ್ ಕೂರಿಸು, ರೇಸಿನ ಕಾರುಗಳಿಗೆ ಗಾಳಿ ಹಿಡಿಯಲು ಇರುತ್ತದಲ್ಲ, ಆ ಬಾಯಿ ತೆರೆದ ಡುಬ್ಬ. ಆ ನೆಗ್ಗು ಬಿದ್ದ ಜಾಗದ ಮೇಲೆಯೇ. ತಗಡು ಹಿಗ್ಗಿಹೋಗಿದೆ, ತಟ್ಟಿ ಎತ್ತಲು ಬರುವುದಿಲ್ಲ, ನಿನಗೂ ಗೊತ್ತು. ನೆಗ್ಗಿನ ಸುತ್ತ ಗೆರೆ ಹಾಕಿ ಕತ್ತರಿಸಿ ತೆಗೆದು ಗುಜರಿಗೆ ಎಸೆ. ತೂತಿನ ಮೇಲೆ ಸ್ಕೂಪ್ ಕೂತರೆ ಇಂಜಿನ್ನಿಗೂ ಗಾಳಿ, ನನಗೂ ಗಾಳಿ.

ಬೇರೆ ಬಾನೆಟ್ ತಂದು ಹಾಕುತ್ತೇನೆ ಎನ್ನಬೇಡ. ಹೊಸ ಬಾನೆಟ್ ಹಾಕಿದರೆ ಊರವರು ಮುಚ್ಚಿಟ್ಟ ಅನ್ನುತ್ತಾರೆ. ಸ್ಕೂಪ್ ಹಾಕಿದರೆ ಷೋಕಿ ಅನ್ನುತ್ತಾರೆ. ಪಕ್ಕದ ಮಂಚದಲ್ಲಿ ಒಬ್ಬ ಮುದುಕನಿದ್ದಾನೆ, ಮೊದಲು ರೇಸಿನ ಕಾರು ಕಟ್ಟುತ್ತಿದ್ದವನು. ಅವನು ಹೇಳುತ್ತಾನೆ: "ಕಾರಿಗೆ ಡುಬ್ಬ ಬಂದ್ರೆ ಜನ ಇಂಜಿನ್ ಕಡೆ ನೋಡ್ತಾರೆ ಕಣೋ, ಡ್ರೈವರ್ ಕಡೆ ನೋಡಲ್ಲ."

ಹೊರಗೆ ಬಂದ ದಿನ ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ಅಷ್ಟು ಮಾಡು.

ನಿನ್ನ ತಮ್ಮ,
ಡ್ವೇನ್


೨ ನವೆಂಬರ್ ೧೯೮೬

ಡ್ವೇನ್,

ನಿನ್ನ ಕಾಗದ ಬಂದು ಎರಡು ವಾರ ದಾಟಿತು. ಕೆಲಸವಿತ್ತು. ಬೀಟ್‌ಗಡ್ಡೆಯ ಲಾರಿಗಳು ಸಕ್ಕರೆ ಕಾರ್ಖಾನೆಗೆ ಓಡುತ್ತಿವೆ, ತಿರುವುಗಳಲ್ಲೆಲ್ಲ ಗಡ್ಡೆ ಉರುಳಿ ಬಿದ್ದಿವೆ. ಜಿಂಕೆಗಳು ಕಾರಿಗೆ ಅಡ್ಡ ನುಗ್ಗುವುದೂ ಶುರುವಾಗಿದೆ. ಈ ವಾರವೇ ಐದು ಕಾರು ಬಂದವು.

ಆ ಐದರ ಬಗ್ಗೆ ಬರೆಯುತ್ತೇನೆ. ಜಿಂಕೆ ಪಕ್ಕದಿಂದ ನುಗ್ಗುತ್ತದೆ. ಹೆಡ್‌ಲೈಟ್ ಒಡೆಯುತ್ತದೆ, ಫೆಂಡರಿನ ಮೂಲೆ ಒಳಗೆ ಹೋಗುತ್ತದೆ. ಗ್ರಿಲ್ಲಿನ ಸಂದಿಯಲ್ಲಿ ಕೂದಲು ಸಿಕ್ಕಿರುತ್ತದೆ, ಒಳಗೆ ಟೊಳ್ಳಾದ ಕೂದಲು. ಉಗುರಿನಿಂದ ಒತ್ತಿದರೆ ಮುರಿಯುತ್ತದೆ. ಮೂರು ವರ್ಷದ ಕೆಳಗೆ, ಜಿಂಕೆ ಬೇಟೆಯ ಕಾಲ ಶುರುವಾಗುವ ದಿನ ಬೆಳಿಗ್ಗೆ, ನೀನು ನಿನ್ನ ಕಾರು ತಂದು ನಿಲ್ಲಿಸಿ "ಜಿಂಕೆ ಗುದ್ತು, ಬೇಗ ಸರಿ ಮಾಡಿಕೊಡು" ಎಂದೆ. ನಾನು ಗ್ರಿಲ್ಲಿಗೆ ಬೆರಳು ಹಾಕಿದೆ. ಕೂದಲು ಸಿಗಲಿಲ್ಲ. ಉಣ್ಣೆಯ ಎಳೆ ಸಿಕ್ಕಿತು, ಒಂದು ಕೆಂಪು, ಒಂದು ಕಪ್ಪು. ಆಮೇಲೆ ನೆಗ್ಗಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡೆ. ತಗಡನ್ನು ಹಾಗೆ ಓದಲು ನನಗೆ ಕಲಿಸಿದವನು ಯಾರು ಎಂದು ನಿನಗೆ ನೆನಪಿದೆಯೆ?

ನಿನ್ನ ಕಾಗದದಲ್ಲಿ ಅವನ ಹೆಸರಿಲ್ಲ. ಎರಡು ಬಾರಿ ಹುಡುಕಿದೆ. ಆದ್ದರಿಂದ ನಾನೇ ಬರೆಯುತ್ತೇನೆ: ಕ್ಯಾಸಿಮಿರ್. ಕ್ಯಾಜ್ ಮಾಮ. ಅಪ್ಪನ ಗ್ಯಾರೇಜಿನಲ್ಲಿ ನಲವತ್ತು ವರ್ಷ ತಗಡು ತಟ್ಟಿದವನು. "ಕಣ್ಣು ಸುಳ್ಳು ಹೇಳತ್ತೆ ಮಗಾ, ಅಂಗೈ ಹೇಳಲ್ಲ" ಎಂದು ನಿನ್ನ ಕೈಯನ್ನೂ ನನ್ನ ಕೈಯನ್ನೂ ಹಿಡಿದು ಬಾಗಿಲುಗಳ ಮೇಲೆ ಆಡಿಸಿದವನು. ಅವತ್ತು ನನ್ನ ಅಂಗೈಗೆ ಸಿಕ್ಕಿದ್ದು ಒಂದು ಭುಜ, ಅದರ ಕೆಳಗೆ ಒಂದು ಮೊಣಕೈ.

ಕೋರ್ಟಿನಲ್ಲಿ ನೀನು, "ಜಿಂಕೆ ಅಂದ್ಕೊಂಡೆ, ಅದಕ್ಕೇ ನಿಲ್ಲಿಸ್ಲಿಲ್ಲ" ಎಂದೆ. ನಂಬಿದರೋ ಬಿಟ್ಟರೋ, ಕಡಿಮೆ ಶಿಕ್ಷೆ ಕೊಟ್ಟರು. ನಾನು ನಂಬಿಲ್ಲ.

ಸ್ಕೂಪ್ ಕೂರಿಸುತ್ತೇನೆ. ನೆಗ್ಗನ್ನು ಹೊರಗಿನ ಲೋಕದಿಂದ ಮುಚ್ಚುತ್ತೇನೆ. ಒಂದೇ ಕರಾರು: ಗುದ್ದಿದ ಸಂಜೆ ನೀನು ಏನು ನೋಡಿದೆ ಎಂದು ಬರೆ. ಅದು ಬರುವವರೆಗೆ ಟಾರ್ಪಾಲ್ ತೆಗೆಯುವುದಿಲ್ಲ.

ಲೊರೇನ್


೨೩ ನವೆಂಬರ್ ೧೯೮೬

ಅಕ್ಕ,

ನಿನ್ನ ಕರಾರನ್ನು ಪಕ್ಕದ ಮಂಚದ ಮುದುಕನಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕ. "ನಿಮ್ಮಕ್ಕ ಪಾದ್ರಿ ಆಗ್ಬೇಕಿತ್ತು ಕಣೋ. ತಗಡಿನ ಹತ್ರಾನೇ ಪಾಪ ಒಪ್ಪಿಸ್ಕೋತಾಳಲ್ಲ" ಎಂದ.

ಕೇಳುವವರೆಲ್ಲ ಕೇಳಿ ಆಯಿತು. ಷೆರಿಫ್ ಕೇಳಿದ, ಎರಡು ಕಡೆಯ ವಕೀಲರೂ ಕೇಳಿದರು, ಹನ್ನೆರಡು ಜನ ಜ್ಯೂರಿ ಕೂತು ಕೇಳಿದರು. ಈಗ ಹದಿಮೂರನೆಯವಳು ನೀನು. ನೀನು ತಗಡು ತಟ್ಟುವವಳು, ನ್ಯಾಯಾಧೀಶೆ ಅಲ್ಲ. ನಲವತ್ತೆರಡು ವರ್ಷವಾಯಿತು, ಮದುವೆಯಿಲ್ಲ, ಮಕ್ಕಳಿಲ್ಲ, ಸಂಜೆ ಮನೆಗೆ ಹೋದರೆ ತಗಡಿಗೆ ಮೆತ್ತುವ ಪುಟ್ಟಿಯನ್ನು ಉಗುರಿನ ಸಂದಿಯಿಂದ ಕೆರೆಯುವುದೇ ಕೆಲಸ. ಇನ್ನೊಬ್ಬರ ನೆಗ್ಗಿನ ಮೇಲೆ ಅಂಗೈ ಇಟ್ಟುಕೊಂಡೇ ನೀನು ಬದುಕಿದ್ದೀಯ. ನಿನ್ನದೇ ಒಂದು ಇದ್ದಿದ್ದರೆ ತಿಳಿಯುತ್ತಿತ್ತು.

ನನ್ನದೂ ಒಂದು ಕರಾರು ಕೇಳು. ಗ್ಯಾರೇಜಿನ ಅರ್ಧ ನನ್ನದು. ಜೂನ್ ಒಂಬತ್ತರಂದು ಕಾರು ಸಿದ್ಧವಿಲ್ಲದಿದ್ದರೆ ಜೂನ್ ಹತ್ತರಂದು ನನ್ನ ಅರ್ಧವನ್ನು ಎದುರುಗಡೆಯ ಸೈಲೆನ್ಸರ್ ಅಂಗಡಿಯ ಎರ್ಲ್‌ಗೆ ಮಾರುತ್ತೇನೆ. ಅವನು ಕೇಳುತ್ತಲೇ ಇದ್ದಾನೆ. ಆಮೇಲೆ ನೀನು ಅವನ ಜೊತೆ ಒಂದೇ ಸೂರಿನಡಿ ಕೂತು ಅವನು ದಿನವಿಡೀ ಗುನುಗುವ ಹಾಡು ಕೇಳಿಕೊಂಡಿರು.

ಟಾರ್ಪಾಲ್ ತೆಗೆ.

ಡ್ವೇನ್


೧೮ ಜನವರಿ ೧೯೮೭

ಡ್ವೇನ್,

ಟಾರ್ಪಾಲ್ ತೆಗೆದೆ. ನಿನ್ನ ಬೆದರಿಕೆಗಲ್ಲ. ಹಿಮದ ಭಾರಕ್ಕೆ ಅದು ಹರಿದುಹೋಗಿತ್ತು, ಕಾರನ್ನು ಒಳಗೆ ತರಲೇಬೇಕಾಯಿತು.

ಬಾನೆಟ್ಟನ್ನು ಬಿಚ್ಚಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದೇನೆ. ಕಾರಿನಿಂದ ಬಿಚ್ಚಿದ ಬಾನೆಟ್ ತುಂಬ ಹಗುರ, ಒಬ್ಬಳೇ ಎತ್ತಿದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ನೆಗ್ಗು ನೀರು ತುಂಬಿದ ತಟ್ಟೆಯ ಹಾಗೆ ಕಾಣುತ್ತದೆ. ಕಾರಿನ ಮುಂದಿನ ಗಾಜಿನ ಕಡೆಯ ಅಂಚಿಗೆ ಬಹಳ ಹತ್ತಿರದಲ್ಲಿದೆ. ಅವನು ಅಷ್ಟು ಮೇಲಕ್ಕೆ ಬರಬೇಕಾದರೆ ನೀನು ಎಷ್ಟು ವೇಗದಲ್ಲಿದ್ದೆ ಎಂದು ನಾನು ಲೆಕ್ಕ ಹಾಕಬಲ್ಲೆ. ಹಾಕಿದ್ದೇನೆ.

ಮೊನ್ನೆ ವಾಂಡಾ ಅತ್ತೆ ಬಂದಿದ್ದಳು, ಕ್ಯಾಜ್ ಮಾಮನ ಹೆಂಡತಿ. ಅವಳ ಕಾರಿನ ಒಂದು ಬಾಗಿಲು ಹೆಪ್ಪುಗಟ್ಟಿ ತೆರೆಯುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಏನಾದರೂ ಮುಚ್ಚಲು ನನಗೆ ಸಮಯ ಸಿಗಲಿಲ್ಲ. ನೇರವಾಗಿ ಬಾನೆಟ್ಟಿನ ಹತ್ತಿರ ಬಂದು ನಿಂತಳು.

"ಏನೇ ಇದು?"

"ಸ್ಕೂಪ್ ಕೂರಿಸ್ಬೇಕಂತೆ. ಡ್ವೇನ್ ಹೇಳಿ ಕಳಿಸಿದಾನೆ."

"ಇಲ್ಲೇನಾ?"

"ಹೂಂ."

ಕೈಗವಸು ಬಿಚ್ಚಿದಳು. ಅಂಗೈಯನ್ನು ನೆಗ್ಗಿನೊಳಗೆ ಇಟ್ಟಳು. ನನಗೆ ಕಲಿಸಿದ ಹಾಗೆ ಅವಳಿಗೆ ಯಾರೂ ಕಲಿಸಿಲ್ಲ. ಆದರೂ ಕಣ್ಣು ಮುಚ್ಚಿಕೊಂಡಳು. "ಅವ್ರ ಬಲಭುಜ ಯಾವಾಗ್ಲೂ ಒಂಚೂರು ಕೆಳಗಿರ್ತಿತ್ತು. ಕೋಟು ಹೊಲಿಸೋವಾಗೆಲ್ಲ ದರ್ಜಿ ಹತ್ರ ಜಗಳ" ಎಂದಳು. ಆಮೇಲೆ, "ಬಾಗಿಲು ಸರಿ ಮಾಡಿದ್ಯಾ?" ಎಂದಳು. ಮಾಡಿದ್ದೆ. ಹೋದಳು.

ಅಂಚೆಯಲ್ಲಿ ಬರುವ ಬಿಡಿಭಾಗಗಳ ಪುಸ್ತಕದಲ್ಲಿ ಎರಡು ಬಗೆಯ ಸ್ಕೂಪ್ ಇವೆ. ಒಂದರ ಬಾಯಿ ಮುಂದಕ್ಕೆ, ರಸ್ತೆಯ ಕಡೆಗೆ. ಇನ್ನೊಂದರ ಬಾಯಿ ಹಿಂದಕ್ಕೆ, ಗಾಜಿನ ಕಡೆಗೆ. ಗಾಜಿಗೆ ಬಡಿದು ನಿಲ್ಲುವ ಗಾಳಿಯನ್ನು ಎಳೆದುಕೊಳ್ಳುತ್ತದಂತೆ. ಯಾವುದು ಬೇಕು ಹೇಳು. ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ, ಗರಗಸಕ್ಕೆ ಹೊಸ ಅಲಗು ಹಾಕಿದ್ದೇನೆ. ಕರಾರು ಮಾತ್ರ ಹಾಗೆಯೇ ಇದೆ. ಅರ್ಧ ಗ್ಯಾರೇಜು ಎರ್ಲ್‌ಗೆ ಮಾರುತ್ತೀಯಾ, ಮಾರು. ಅವನು ಅಷ್ಟೇನೂ ಕೆಟ್ಟದಾಗಿ ಹಾಡುವುದಿಲ್ಲ.

ಲೊರೇನ್


೮ ಫೆಬ್ರವರಿ ೧೯೮೭

ಅಕ್ಕ,

ಕೇಳಿದೆಯಲ್ಲ, ತಗೋ. ಇಲ್ಲಿಂದ ಹೋಗುವ ಕಾಗದಗಳನ್ನು ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಓದಿದರೆ ಓದಿಕೊಳ್ಳಲಿ.

ಅವತ್ತು ಮಧ್ಯಾಹ್ನದಿಂದ ಬಾರಿನಲ್ಲಿದ್ದೆ. ಮಾರನೆಯ ದಿನ ಬೇಟೆ ಶುರು, ಊರಿನ ಅರ್ಧ ಗಂಡಸರು ಅಲ್ಲೇ ಇದ್ದರು. ಐದೂವರೆಗೆ ಹೊರಟೆ. ಕತ್ತಲಾಗುತ್ತಿತ್ತು, ಪೂರ್ತಿ ಆಗಿರಲಿಲ್ಲ. ನೇರ ರಸ್ತೆ ಸಿಕ್ಕಿತು, ಆಕ್ಸಿಲರೇಟರ್ ಒತ್ತಿದೆ. ಆ ಕಾರು ಹುಟ್ಟಿದ್ದೇ ಒತ್ತಿಸಿಕೊಳ್ಳಲು. ಕೆಂಪು ಕಪ್ಪು ಚೌಕಳಿ ಕಂಡಿತು. ಜಿಂಕೆ ಕೋಟು ಹಾಕುವುದಿಲ್ಲ ಎಂದು ನನಗೂ ಗೊತ್ತು.

ನಿಲ್ಲಿಸಿದೆ. ಇದನ್ನು ಯಾರಿಗೂ ಹೇಳಿಲ್ಲ: ನಾನು ನಿಲ್ಲಿಸಿದೆ. ಹಿಂದಕ್ಕೆ ಬಂದೆ. ಅವನು ಚರಂಡಿಯ ದಿಣ್ಣೆಗೆ ಒರಗಿ ಕೂತಿದ್ದ. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಮೊದಲು ಮಾತಾಡಿದವನು ಅವನೇ.

"ಡ್ವೇನಾ? ಶಬ್ದ ಕೇಳಿಸ್ತಾ ನಿಂಗೆ? ತಗಡು ಹಿಗ್ಗಿದ ಶಬ್ದ ಅದು. ಅದನ್ನಿನ್ನು ಎತ್ತೋಕಾಗಲ್ಲ ಬಿಡು."

"ನೋವಾಗ್ತಿದ್ಯಾ ಮಾಮ?"

"ಕಾಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ನೋವು ಎಲ್ಲಿಂದ ಬರ್ಬೇಕು?"

"ಈ ಹೊತ್ನಲ್ಲಿ ನಡ್ಕೊಂಡು ಯಾಕೆ ಹೊರಟೆ?"

ಈಗ ಸರಿಯಾಗಿ ಓದು ಅಕ್ಕ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ನಿಮ್ಮಕ್ಕ ಸಾಕು ಮಾಡು ಅಂದ್ಲು. ಕೈ ನಡುಗತ್ತೆ, ಬಣ್ಣ ಹಾಳಾಗತ್ತೆ, ನಾಳೆಯಿಂದ ಬರ್ಬೇಡ ಅಂದ್ಲು. ದಿನಾ ಕಾರಲ್ಲಿ ಬಿಡೋಳು ಇವತ್ತು ಬಿಡ್ತೀನಿ ಅನ್ಲಿಲ್ಲ. ನಾನೂ ಕೇಳ್ಲಿಲ್ಲ."

ಆಮೇಲೆ, "ಹೋಗು, ಆಂಬುಲೆನ್ಸ್‌ಗೆ ಫೋನ್ ಮಾಡು. ಅಲ್ಲೀವರ್ಗೂ ಇಲ್ಲೇ ಕೂತಿರ್ತೀನಿ. ಎಲ್ಲೂ ಹೋಗಲ್ಲ" ಎಂದ. ಸ್ವಲ್ಪ ನಕ್ಕ ಕೂಡ.

ನಾನು ಹೋದೆ. ಮನೆಯಲ್ಲಿ ಫೋನಿನ ಮುಂದೆ ಕೂತೆ. ಫೋನ್ ಮಾಡಿದರೆ ಷೆರಿಫ್ ಬರುತ್ತಾನೆ, ಬಂದರೆ ಬಾಯಿ ಮೂಸುತ್ತಾನೆ. ಒಂದು ಗಂಟೆ ಕಾಯೋಣ, ವಾಸನೆ ಹೋಗಲಿ ಎಂದುಕೊಂಡೆ. ಕಾಫಿ ಕುಡಿದೆ. ಹಸಿ ಈರುಳ್ಳಿ ತಿಂದೆ. ಒಂದು ಗಂಟೆ ಕಳೆದ ಮೇಲೆ, ಇಷ್ಟು ಹೊತ್ತು ಏಕೆ ತಡ ಮಾಡಿದೆ ಎಂದು ಕೇಳುತ್ತಾರಲ್ಲ ಅನ್ನಿಸಿತು. ಆಮೇಲೆ ನಿಮಿಷ ನಿಮಿಷಕ್ಕೂ ಆ ಪ್ರಶ್ನೆ ದೊಡ್ಡದಾಗುತ್ತಲೇ ಹೋಯಿತು. ಅಷ್ಟೇ ನಡೆದದ್ದು. ಇದರಲ್ಲಿ ಬೇರೆ ರಹಸ್ಯ ಏನೂ ಇಲ್ಲ.

ಜೀವ ಹೋದದ್ದು ಎಂಟು ಒಂಬತ್ತರ ನಡುವೆ ಎಂದು ಡಾಕ್ಟರು ಕೋರ್ಟಿನಲ್ಲಿ ಹೇಳಿದರು. ಅದು ನಿನಗೂ ಗೊತ್ತು.

ಇನ್ನೊಂದು ನೆನಪಿಸುತ್ತೇನೆ. ಮುದುಕ ಅಷ್ಟು ದೂರ ಏಕೆ ನಡೆದು ಹೋಗುತ್ತಿದ್ದ ಎಂದು ನನ್ನ ವಕೀಲ ನಿನ್ನನ್ನು ಕೇಳಿದ. ಸಾಕ್ಷಿ ಕಟ್ಟೆಯಲ್ಲಿ ನಿಂತು ನೀನು, "ಅವ್ರಿಗೆ ನಡೆಯೋದು ಅಂದ್ರೆ ಇಷ್ಟ" ಎಂದೆ. ಬೈಬಲ್ಲಿನ ಮೇಲೆ ಕೈ ಇಟ್ಟು ಹೇಳಿದ ಮಾತು. ನಾನು ನಿನ್ನನ್ನೇ ನೋಡುತ್ತಿದ್ದೆ, ನೀನು ಗೋಡೆ ನೋಡುತ್ತಿದ್ದೆ. ನಾನು ಜಿಂಕೆ ಅಂದೆ, ನೀನು ನಡಿಗೆ ಅಂದೆ. ನಿನ್ನ ಮಾತನ್ನು ಮೂರು ವರ್ಷ ಕಾಪಾಡಿದ್ದೇನೆ, ಒಬ್ಬರಿಗೂ ಬಾಯಿ ಬಿಟ್ಟಿಲ್ಲ. ನೀನು ನನ್ನನ್ನು ನೋಡಲು ಬರದೆ ಇದ್ದದ್ದು ಕೋಪದಿಂದಲ್ಲ, ಹೆದರಿಕೆಯಿಂದ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ನೆಗ್ಗಿಗೆ ಒಬ್ಬನೇ ಯಜಮಾನ ಅಲ್ಲ ಅಕ್ಕ. ಈಗ ಕತ್ತರಿಸು. ಬಾಯಿ ಯಾವ ಕಡೆಗಾದರೂ ಇರಲಿ, ಮುಚ್ಚಿದರೆ ಸಾಕು.

ಡ್ವೇನ್


೨೨ ಮಾರ್ಚ್ ೧೯೮೭

ಡ್ವೇನ್,

ನಿನ್ನ ಕಾಗದವನ್ನು ಐದು ವಾರಕ್ಕೂ ಹೆಚ್ಚು ಇಟ್ಟುಕೊಂಡಿದ್ದೆ. ಅದರಲ್ಲಿ ನನ್ನ ಬಗ್ಗೆ ಬರೆದದ್ದೆಲ್ಲ ನಿಜ.

ಅವತ್ತು ಅವನು ಹಸಿರು ಕಾರೊಂದರ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ. ಕೈ ನಡುಗಿ ಬಣ್ಣ ಸೋರಿತು. ಆ ವಾರದಲ್ಲಿ ಅದು ಮೂರನೆಯ ಸಲ. ನಾನು ಬೈಯಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ, ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಗಿರಾಕಿಯೊಡನೆ ಮಾತಾಡುವ ದನಿಯಲ್ಲಿ ಮೆಲ್ಲಗೆ ಹೇಳಿದೆ. ಅವನು ಸುತ್ತಿಗೆಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ತೂಗುಹಾಕಿದ. ಕೋಟು ಹಾಕಿಕೊಂಡು ಬಾಗಿಲಲ್ಲಿ ಸ್ವಲ್ಪ ನಿಂತ. ನಾನು ಕಾರಿನ ಕೀಲಿ ತೆಗೆದುಕೊಳ್ಳುತ್ತೇನೆಂದು ನಿಂತದ್ದು. ನಾನು ಬಾಗಿಲಿನ ಬಣ್ಣ ಉಜ್ಜುತ್ತಲೇ ಇದ್ದೆ. ನಾಲ್ಕು ಮೈಲಿ. ಕಾರಿನಲ್ಲಿ ಏಳು ನಿಮಿಷ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಹಿಂದಿನ ವಾರದ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟವಿತ್ತು. ವಾಂಡಾ ಅತ್ತೆ ಮೀನು ಕರಿಯುತ್ತಿದ್ದಳು, ನಾನು ತಟ್ಟೆ ತೊಳೆಯುತ್ತಿದ್ದೆ. ಎಲ್ಲರೂ ಹೋದ ಮೇಲೆ ನಿನ್ನ ಕಾಗದ ತೆಗೆದು ಅವಳಿಗೆ ಓದಿ ಹೇಳಿದೆ. ನನ್ನ ಬಗ್ಗೆ ಇದ್ದ ಹಾಳೆಯನ್ನು ಬಿಟ್ಟು ಓದಬಹುದಿತ್ತು. ಎಲ್ಲ ಹಾಳೆಯನ್ನೂ ಓದಿದೆ. ಇನ್ನು ನೀನು ಕಾಪಾಡಬೇಕಾದದ್ದು ಏನೂ ಇಲ್ಲ.

ಅವಳು ಒಲೆ ಆರಿಸಿದಳು. "ಇನ್ನೊಂದ್ಸಲ ಓದು. ಅವ್ರು ಮಾತಾಡಿದ್ದಷ್ಟು ಮಾತ್ರ" ಎಂದಳು.

ಓದಿದೆ. ಇನ್ನೊಂದು ಸಲ ಎಂದಳು. ಓದಿದೆ. ಕಾಲು ಎಲ್ಲಿದೆ ಗೊತ್ತಿಲ್ಲ, ನೋವು ಎಲ್ಲಿಂದ ಬರಬೇಕು ಎಂಬಲ್ಲಿ ಅವಳಿಗೆ ನಗು ಬಂತು. "ಹಾಗೇ ಮಾತಾಡ್ತಿದ್ದಿದ್ದು ಅವ್ರು. ಮೂರು ವರ್ಷ ಆಯ್ತು ಕೇಳಿ" ಎಂದಳು. ಏಪ್ರನ್ ಬಿಚ್ಚಿ ಮಡಿಚಿದಳು. ಅದನ್ನು ಮತ್ತೆ ಬಿಡಿಸಿ ಇನ್ನೊಂದು ಬಗೆಯಲ್ಲಿ ಮಡಿಚಿದಳು.

"ನಿನ್ನ ತಮ್ಮ ಕುಡಿದಿದ್ದ" ಎಂದಳು. "ನೀನು ಕುಡಿದಿರ್ಲಿಲ್ಲ."

ಆಮೇಲೆ ಅವಳು ನನ್ನನ್ನು ಮಾತಾಡಿಸಿಲ್ಲ. ಈ ಶುಕ್ರವಾರ ತಟ್ಟೆ ತೊಳೆಯಲು ಬೇರೆಯವರನ್ನು ಹಾಕಿದ್ದರು.

ನೀನು ಕರಾರು ಪೂರೈಸಿದ್ದೀಯ. ಸ್ಕೂಪ್ ತರಿಸಿದ್ದೇನೆ. ಕೆಲಸ ಶುರು ಮಾಡುತ್ತೇನೆ.

ಲೊರೇನ್


೫ ಏಪ್ರಿಲ್ ೧೯೮೭

ಅಕ್ಕ,

ನಿನಗೇನು ತಲೆ ಕೆಟ್ಟಿದೆಯೆ? ಅದು ನಿನಗೆ ಬರೆದದ್ದು, ಚರ್ಚಿನಲ್ಲಿ ಓದಲು ಬರೆದದ್ದಲ್ಲ.

ವಾಂಡಾ ಅತ್ತೆ ಯಾರಿಗಾದರೂ ಹೇಳುತ್ತಾಳೆಯೆ? ಆ ಕಾಗದ ಈಗ ಯಾರ ಕೈಯಲ್ಲಿದೆ? ಪೆರೋಲ್ ಮಂಡಳಿಯವರಿಗೆ ಅದು ಸಿಕ್ಕಿದರೆ ಜೂನ್ ಒಂಬತ್ತು ಎನ್ನುವುದೇ ಇರುವುದಿಲ್ಲ. ಪಕ್ಕದ ಮಂಚದ ಮುದುಕನಿಗೆ ಹೇಳಿದರೆ ಈ ಸಲ ನಗಲಿಲ್ಲ. "ಬರೆದು ಕೊಟ್ಯಾ? ಕೈಯಾರೆ ಬರೆದು ಕೊಟ್ಯಾ?" ಎಂದು ಎರಡು ಸಲ ಕೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದ.

ಸುಟ್ಟುಹಾಕು. ಸುಟ್ಟೆ ಎಂದು ಒಂದು ಸಾಲು ಬರೆ. ಗ್ಯಾರೇಜಿನ ನನ್ನ ಅರ್ಧವನ್ನೂ ನೀನೇ ಇಟ್ಟುಕೋ, ಬೇಕಾದರೆ ಅದನ್ನೂ ಬರೆದುಕೊಡುತ್ತೇನೆ. ಸ್ಕೂಪ್ ಕೂರಿಸಿ ಆಯಿತೆ? ಕತ್ತರಿಸಿದ ತುಂಡನ್ನು ಎಲ್ಲಿ ಎಸೆದೆ?

ದಯವಿಟ್ಟು ಬರೆ.

ಡ್ವೇನ್


೩೧ ಮೇ ೧೯೮೭

ಡ್ವೇನ್,

ನಿನ್ನ ಕಾಗದ ನನ್ನ ಹತ್ತಿರವೇ ಇದೆ. ಸುಟ್ಟೆ ಎಂಬ ಸಾಲನ್ನು ಬರೆಯಲಾರೆ, ಏಕೆಂದರೆ ಸುಟ್ಟಿಲ್ಲ. ಯಾರಿಗೂ ಕಳಿಸುವುದೂ ಇಲ್ಲ. ವಾಂಡಾ ಅತ್ತೆಯೂ ಯಾರಿಗೂ ಹೇಳುವುದಿಲ್ಲ. ಅವಳಿಗೆ ಬೇಕಾದದ್ದು ಅದರಲ್ಲಿದ್ದ ನಾಲ್ಕು ಮಾತು, ಅದನ್ನು ಆ ಮೀನೂಟದ ರಾತ್ರಿಯೇ ನನ್ನಿಂದ ಬರೆಸಿಕೊಂಡು ಹೋಗಿದ್ದಾಳೆ. ನೀನು ಜೂನ್ ಒಂಬತ್ತಕ್ಕೆ ಹೊರಗೆ ಬರಬೇಕು. ನೀನು ಅಲ್ಲೇ ಉಳಿದರೆ ನಾನು ಇಷ್ಟು ದಿನ ಮಾಡಿದ ಕೆಲಸ ಯಾರಿಗೆ?

ಕಾರು ಸಿದ್ಧವಾಗಿದೆ. ಹೇಗೆ ಮಾಡಿದೆ ಎಂದು ಹೇಳುತ್ತೇನೆ, ನಿನಗೂ ಕೆಲಸ ತಿಳಿದಿದೆ.

ಬಾಯಿ ಹಿಂದಕ್ಕಿರುವ ಸ್ಕೂಪ್ ಆರಿಸಿದೆ. ಇರುವುದರಲ್ಲಿ ಎತ್ತರದ್ದು, ಫೈಬರಿನದು. ಅದನ್ನು ನೆಗ್ಗಿನ ಮೇಲೆ ಕವುಚಿ ಸುತ್ತ ಗೆರೆ ಎಳೆದೆ. ಗೆರೆಯ ಉದ್ದಕ್ಕೂ ಎರಡು ಬೆರಳಗಲ ಬಣ್ಣ ಉಜ್ಜಿ ಬರಿಯ ತಗಡು ಕಾಣುವಂತೆ ಮಾಡಿದೆ, ಅಂಟು ಹಿಡಿಯಬೇಕಲ್ಲ. ಹತ್ತು ತೂತು ಕೊರೆದೆ. ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿದೆ. ಅಂಚಿಗೆ ಪುಟ್ಟಿ ಹಚ್ಚಿ, ಉಪ್ಪುಕಾಗದದಲ್ಲಿ ಒಂಬತ್ತು ದಿನ ತೀಡಿದೆ. ಈಗ ಸ್ಕೂಪ್ ಎಲ್ಲಿ ಮುಗಿಯುತ್ತದೆ, ಬಾನೆಟ್ ಎಲ್ಲಿ ಶುರುವಾಗುತ್ತದೆ ಎಂದು ಅಂಗೈಗೂ ತಿಳಿಯುವುದಿಲ್ಲ. ಅದೇ ಕಡು ನೀಲಿ ಬಣ್ಣ ಹೊಡೆದೆ. ಒಂದು ಹನಿಯೂ ಸೋರಲಿಲ್ಲ.

ಗರಗಸ ಮುಟ್ಟಲಿಲ್ಲ. ಕತ್ತರಿಸಿದ ತುಂಡು ಎಲ್ಲಿ ಎಂದು ಕೇಳಿದೆಯಲ್ಲ, ಕತ್ತರಿಸಲಿಲ್ಲ. ಇಂಜಿನ್ನಿಗೆ ಗಾಳಿ ಹೋಗುವುದಿಲ್ಲ. ನೆಗ್ಗು ಹಾಗೆಯೇ ಇದೆ, ಸ್ಕೂಪಿನ ಸೂರಿನ ಕೆಳಗೆ. ಅದರ ಬಣ್ಣ ಬಿರಿದ ಗೆರೆಗಳನ್ನು ಮುಟ್ಟಿಲ್ಲ. ತುಕ್ಕು ಹಿಡಿಯದಿರಲೆಂದು ಮೇಲೆ ನೀರಿನಂಥ ವಾರ್ನಿಷ್ ಬಳಿದಿದ್ದೇನೆ. ಇಪ್ಪತ್ತು ವರ್ಷವಾದರೂ ಇದೇ ರೀತಿ ಇರುತ್ತದೆ. ಸ್ಕೂಪಿನ ಒಳಮೈಗೆ ಬಿಳಿ ಬಣ್ಣ ಹೊಡೆದೆ, ಬೆಳಕು ಬೀಳಲಿ ಎಂದು. ಗಾಜಿನ ಕಡೆಯ ಸೂರಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತ ಹೋದೆ. ನೀನು ನನಗಿಂತ ಎತ್ತರ, ಅದಕ್ಕೆ ಸೀಟಿನ ಮೇಲೆ ಟೆಲಿಫೋನ್ ಪುಸ್ತಕ ಇಟ್ಟು ಅದರ ಮೇಲೆ ಕೂತು ನೋಡಿದೆ. ಇಳಿದು ಕೊರೆದೆ. ಮತ್ತೆ ಕೂತು ನೋಡಿದೆ.

ಹೊರಗೆ ನಿಂತವರಿಗೆ ಏನೂ ಕಾಣುವುದಿಲ್ಲ. ಹಾಗೆಂದೇ ನಿನಗೆ ಮಾತು ಕೊಟ್ಟಿದ್ದೆ. ಎರ್ಲ್ ಬಂದು ಸುತ್ತ ಎರಡು ಸಲ ನಡೆದ. "ಏನ್ ಕೈ ಲೊರೇನ್ ನಿಂದು. ನೆಗ್ಗು ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ. ನಿನ್ ತಮ್ಮ ಪುಣ್ಯವಂತ" ಎಂದ.

"ಒಳಗೆ ಕೂತ್ಕೊಂಡು ನೋಡು" ಎಂದೆ.

ಸ್ಟಿಯರಿಂಗ್ ಹಿಡಿದು ಕೂತ. ಹಾಡು ಗುನುಗುತ್ತಿದ್ದವನು ಮುಂದಕ್ಕೆ ನೋಡಿದ. ಗಾಜಿನ ಆಚೆ, ಒಂದು ಮೊಳ ದೂರದಲ್ಲಿ, ಬಿಳಿಯ ಬಾಯಿಯೊಳಗೆ ಒಂದು ಭುಜ, ಅದರ ಕೆಳಗೆ ಒಂದು ಮೊಣಕೈ. ಎರ್ಲ್ ಇಳಿದ. ಕಾರಿನ ಬಾಗಿಲನ್ನೂ ಹಾಕದೆ ರಸ್ತೆ ದಾಟಿ ಅಂಗಡಿಗೆ ಹೋದ. ನಿನ್ನ ಅರ್ಧವನ್ನು ಅವನು ಇನ್ನು ಕೇಳಲಿಕ್ಕಿಲ್ಲ.

ಹೊರಗೆ ಬಂದ ದಿನ ಅದನ್ನು ನೋಡಲು ಆಗುವುದಿಲ್ಲ ಎಂದು ನೀನು ಬರೆದಿದ್ದೆ. ಆಗುತ್ತದೆ. ಮೊದಲ ವಾರ ಕಷ್ಟ. ಎರಡು ವಾರದಿಂದ ನಾನು ಈ ಕಾರಿನಲ್ಲೇ ಕೆಲಸಕ್ಕೆ ಬರುತ್ತಿದ್ದೇನೆ, ಆ ನೇರ ರಸ್ತೆಯಲ್ಲೇ ಮನೆಗೆ ಹೋಗುತ್ತಿದ್ದೇನೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಡುತ್ತೇನೆ, ಆಗ ಮಬ್ಬಾಗಿರುತ್ತದೆ. ಸಂಜೆ ಐದೂವರೆಯ ಬೆಳಕು ಬೆನ್ನ ಹಿಂದಿನಿಂದ ಬಂದು ನೇರವಾಗಿ ಒಳಗೆ ಬೀಳುತ್ತದೆ.

ಜೂನ್ ಒಂಬತ್ತರಂದು ಬೆಳಿಗ್ಗೆ ಹತ್ತಕ್ಕೆ ಗೇಟಿನ ಮುಂದೆ ಇರುತ್ತೇನೆ. ನಿನ್ನ ಲೈಸೆನ್ಸ್ ಕಿತ್ತುಕೊಂಡಿದ್ದಾರೆ, ಆದ್ದರಿಂದ ಓಡಿಸುವವಳು ನಾನೇ. ಮನೆಗೆ ಎರಡು ಗಂಟೆ ನಲವತ್ತು ನಿಮಿಷ. ನೀನು ಪಕ್ಕದ ಸೀಟಿನಲ್ಲಿ ಕೂರು. ಆ ಸೀಟಿನ ಮೇಲೂ ಪುಸ್ತಕ ಇಟ್ಟು, ಅಳೆದೇ ಕೊರೆದಿದ್ದೇನೆ.

ಲೊರೇನ್